ಉರಿಮೂತ್ರ ಬರೀ ಉಷ್ಣ ಅಲ್ಲದಿರಬಹುದು

ದಾವಣಗೆರೆ ಬೇಸಿಗೆಯಲ್ಲಿ ಮೂತ್ರ ಉರಿಯಿತು ಅಂದರೆ ಮನೆಮಂದಿ ಹೇಳುವುದು ಒಂದೇ ಮಾತು: "ಉಷ್ಣ ಆಗೈತಿ, ಮಜ್ಜಿಗೆ ಕುಡಿ." ನೀರು ಕಮ್ಮಿಯಾಗಿ ಉರಿಯುವುದೂ ಉಂಟು. ಆದರೆ ಎರಡು ದಿನ ಚೆನ್ನಾಗಿ ನೀರು ಕುಡಿದರೂ ಉರಿ ನಿಲ್ಲದಿದ್ದರೆ, ಚಡ್ಡಿಯ ಮೇಲೆ ಕೀವಿನ ಕಲೆ ಕಂಡರೆ, ಬಿಳಿಸೆರಗು ವಾಸನೆ ಬಂದರೆ ಸುಮ್ನೆ ಕೂರಬೇಡಿ, ಅದು ಲೈಂಗಿಕ ಸಂಪರ್ಕದಿಂದ ಅಂಟುವ ಸೋಂಕಿರಬಹುದು. ನೋವಿಲ್ಲ ಅಂತ ಹುಣ್ಣನ್ನೂ ಕಡೆಗಣಿಸಬೇಡಿ: ಇಂಥದ್ದೇ ಇನ್ನೊಂದು ಸೋಂಕಾದ ಸಿಫಿಲಿಸ್‌ನ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ. ಕೆಲವು ವಾರದಲ್ಲಿ ತಾನಾಗೇ ಮಾಯುತ್ತದೆ, ರೋಗ ಮಾತ್ರ ಮೈಯಲ್ಲೇ ಉಳಿಯುತ್ತದೆ.

ಮೊದಲು ಜಿಲ್ಲಾ ಆಸ್ಪತ್ರೆಗೆ ಹೋಗಿ. ಗೋಡೆ ಮೇಲೆ 'ಗುಪ್ತರೋಗ' ಅಂತ ಬರೆಸಿದವರ ಹತ್ತಿರ ಬೇಡ. ಚೀಟಿ ಮಾಡಿಸುವಾಗ ಕಾಯಿಲೆ ವಿವರಿಸಬೇಕಿಲ್ಲ, ಸುರಕ್ಷಾ ಕ್ಲಿನಿಕ್ (ಇಂಥ ಸೋಂಕುಗಳನ್ನು ನೋಡುವ ಸರ್ಕಾರಿ ಕ್ಲಿನಿಕ್) ಅಥವಾ ಚರ್ಮರೋಗ ವಿಭಾಗ ಅಂದರೆ ಸಾಕು. ಎಚ್‌ಐವಿ ಪರೀಕ್ಷೆ ಐಸಿಟಿಸಿಯಲ್ಲಿ, ಅಂದರೆ ಸರ್ಕಾರಿ ಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಉಚಿತ. ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಗುಟ್ಟಾಗಿರಬೇಕು ಎಂದು ಎಚ್‌ಐವಿ ಕುರಿತ 2017ರ ಕಾಯ್ದೆ ಹೇಳುತ್ತದೆ. ಹೋಗಲು ಮುಜುಗರವಾದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ ಕೇಳಿ, ದುಡ್ಡು ಹೋಗುವುದಿಲ್ಲ.

ಇನ್ನು ಕಾಂಡೋಮ್. ಪರ್ಸಿನಲ್ಲಿ ತಿಂಗಳುಗಟ್ಟಲೆ ಇಟ್ಟದ್ದನ್ನು ಬಿಸಾಡಿ. ಪೊಟ್ಟಣದ ತಾರೀಖು ನೋಡಿ, ಬೆರಳಲ್ಲಿ ಒತ್ತಿ, ಒಳಗೆ ಗಾಳಿ ಇರಬೇಕು. ಹಲ್ಲಲ್ಲಿ ಹರಿಯಬೇಡಿ. ತುದಿಯನ್ನು ಹಿಂಡಿ ಹಿಡಿದು ಬುಡದವರೆಗೂ ಬಿಡಿಸಿ. ಒಂದರ ಮೇಲೊಂದು ಹಾಕಬೇಡಿ. ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ. ನಮ್ಮಲ್ಲಿ ಎಲ್ಲದಕ್ಕೂ ಅದೇ ಅಲ್ವಾ? ಆದರೆ ಎಣ್ಣೆ ತಾಗಿದ ರಬ್ಬರ್ ನಿಮಿಷಗಳಲ್ಲೇ ಬಲ ಕಳೆದುಕೊಂಡು ಹರಿಯುತ್ತದೆ. ವಾಟರ್ ಬೇಸ್ಡ್ ಜೆಲ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ.

ಎಚ್‌ಐವಿ ಭಯ ಇರುವ ಕಡೆ ಕಾಂಡೋಮ್ ಹರಿಯಿತಾ? 72 ಗಂಟೆಯೊಳಗೆ ಆಸ್ಪತ್ರೆಗೆ ಓಡಿ. ಎಚ್‌ಐವಿ ಅಂಟದಂತೆ ತಡೆಯುವ ಮಾತ್ರೆ ಅಲ್ಲಿ ಕೊಡುತ್ತಾರೆ; ಬೇಗ ಶುರು ಮಾಡಿದಷ್ಟು ಒಳ್ಳೆಯದು, 28 ದಿನ ತಪ್ಪದೆ ನುಂಗಬೇಕು.

ಕೊನೆಯ ಹೆಜ್ಜೆಯೇ ಕಷ್ಟದ್ದು: ಜೊತೆಗಾರರಿಗೆ ಹೇಳುವುದು. ಗಂಡ ಕದ್ದು ಮಾತ್ರೆ ನುಂಗಿ ವಾಸಿಯಾಗುತ್ತಾನೆ, ಹೆಂಡತಿಗೆ ಗೊತ್ತೇ ಇರುವುದಿಲ್ಲ. ಕ್ಲಮೈಡಿಯಾದಂಥ ಸೋಂಕು ಹೆಂಗಸರಲ್ಲಿ ಎಷ್ಟೋ ಸಲ ಲಕ್ಷಣವೇ ತೋರದೆ ಗರ್ಭನಾಳ ಹಾಳುಮಾಡುತ್ತದೆ, ಅವನಿಗೂ ಮತ್ತೆ ಅಂಟುತ್ತದೆ. ಅದಕ್ಕೇ ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆ ಆಗಬೇಕು, ಡಾಕ್ಟರು ಸರಿ ಅನ್ನುವವರೆಗೆ ಕೂಡಬಾರದು. ಹೇಗೆ ಹೇಳುವುದು ಅಂತ ರಾತ್ರಿಯೆಲ್ಲ ಒದ್ದಾಡುವವರು ಇಷ್ಟು ಹೇಳಿ ನೋಡಿ: "ನನಗೊಂದು ಸೋಂಕು ಬಂದೈತಿ. ನಿನಗೂ ತಗುಲಿರಬಹುದು. ನಾಳೆ ಇಬ್ರೂ ಹೋಗಿ ತೋರಿಸ್ಕೊಂಡು ಬರೋಣ."