ರೆವೇರ್ ಎಂದರೆ ಮಗುಚಿದ ಬಟ್ಟೆ: ಕೋಟಿನ ಲ್ಯಾಪೆಲ್ ಹೊಲಿಯುವ ನನ್ನ ಕ್ರಮ

ಕೋಟಿನ ಎದೆಯ ಮೇಲೆ ಮಡಚಿ ಬೀಳುವ ಭಾಗಕ್ಕೆ ನಾವು ಲ್ಯಾಪೆಲ್ ಎನ್ನುತ್ತೇವೆ. ಅದಕ್ಕೆ ರೆವೇರ್ ಎಂಬ ಹೆಸರೂ ಉಂಟು. ಫ್ರೆಂಚ್ ಮಾತು, ಅರ್ಥ ‘ಹಿಂಬದಿ’. ಪ್ಯಾಂಟಿನ ಕಾಲ್ತುದಿಯ ಮಡಿಕೆಗೂ ಫ್ರೆಂಚರು ಇದನ್ನೇ ಬಳಸುತ್ತಾರೆ. ಲ್ಯಾಪೆಲ್ ಬೇರೆ ತಂದು ಜೋಡಿಸಿದ ತುಂಡಲ್ಲ, ಕೋಟಿನ ಮುಂಭಾಗವೇ ಒಳಮಗ್ಗುಲು ತೋರಿಸಿ ಮಗುಚಿಕೊಂಡಿದ್ದು. ನನ್ನ ಕೆಲಸವೆಲ್ಲ ಈ ಅರ್ಥದ ಮೇಲೆ ನಿಂತಿದೆ.

18ನೇ ಶತಮಾನದ ಸೈನಿಕರು ಕೋಟಿನ ಮುಂಬದಿಯನ್ನು ಹಿಂದಕ್ಕೆ ಮಡಚಿ ಗುಂಡಿ ಹಾಕಿಕೊಳ್ಳುತ್ತಿದ್ದರು. ಹಾಗೆ ಹೊರಗೆ ಕಾಣುವ ಒಳಬಟ್ಟೆಯ ಬಣ್ಣವೇ ದಳದ ಗುರುತು. 1779ರ ಅಕ್ಟೋಬರಿನಲ್ಲಿ ಜಾರ್ಜ್ ವಾಷಿಂಗ್ಟನ್ ತಮ್ಮ ಕಾಲಾಳುಗಳಿಗೆ ನೀಲಿ ಕೋಟು ಗೊತ್ತುಮಾಡಿದಾಗ ನ್ಯೂ ಇಂಗ್ಲೆಂಡಿನವರಿಗೆ ಬಿಳಿ ಫೇಸಿಂಗ್ (ಹೀಗೆ ಹೊರಗೆ ಕಾಣುವ ಬಟ್ಟೆ), ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿಯವರಿಗೆ ಮಾಸಲು ಹಳದಿ, ಪೆನ್ಸಿಲ್ವೇನಿಯಾದಿಂದ ವರ್ಜೀನಿಯಾವರೆಗಿನವರಿಗೆ ಕೆಂಪು ಎಂದಿದ್ದರು. ಲ್ಯಾಪೆಲ್ ಮೇಲೆ ಬರುವ ಬಟ್ಟೆಗೆ ಟೈಲರುಗಳು ಇವತ್ತೂ ಫೇಸಿಂಗ್ ಅಂತಲೇ ಹೇಳುತ್ತಾರೆ.

ಕತ್ತಿನವರೆಗೆ ಮುಚ್ಚುವ ಕ್ಲೋಸ್ ಕಾಲರ್ ಕೋಟಿಗೆ ಈ ತಿರುವಿಲ್ಲ. ಅದರಲ್ಲಿ ಕೈ ಪಳಗಿದವರು ಲ್ಯಾಪೆಲನ್ನೂ ಚಪ್ಪಟೆಯಾಗಿಯೇ ಹೊಲಿದುಬಿಡುತ್ತಾರೆ.

ಕೋಟಿನ ಎದೆಗೆ ಆಕಾರ ಕೊಡಲು ಒಳಗೆ ಕೂರಿಸುವ ಕುದುರೆ ಕೂದಲಿನ ಕ್ಯಾನ್ವಾಸನ್ನು ಮೊದಲು ನೀರಲ್ಲಿ ನೆನೆಸಿ ಒಣಗಿಸುತ್ತೇನೆ. ಇಲ್ಲದಿದ್ದರೆ ಇಸ್ತ್ರಿಯ ಹಬೆಗೆ ಆಮೇಲೆ ಕುಗ್ಗಿ ಎದೆ ಸುಕ್ಕಾಗುತ್ತದೆ. ಮೇಲಿನ ಗುಂಡಿಗಿಂತ 1 ಸೆಂ.ಮೀ. ಮೇಲಿನಿಂದ ಕತ್ತಿನವರೆಗೆ ಮಡಿಕೆ ಗೆರೆ ಎಳೆದು, ಅದರಿಂದ 1 ಸೆಂ.ಮೀ. ಎದೆಯ ಕಡೆಗೆ ಹತ್ತಿಯ ಟೇಪು ಕೂರಿಸುತ್ತೇನೆ. ಟೇಪು ಗೆರೆಗಿಂತ 6 ಮಿ.ಮೀ. ಗಿಡ್ಡವಿರಬೇಕು, ಆ ಎಳೆತವೆಲ್ಲ ನಡುಭಾಗದಲ್ಲಿ ಬೀಳಬೇಕು. ಎಳೆಯದೆ ಹೊಲಿದರೆ ಕೋಟು ಎದೆಯಿಂದ ಬಿಟ್ಟುಕೊಂಡು ಬಾಯಿ ತೆರೆಯುತ್ತದೆ.

ಆಮೇಲಿನದೇ ನನಗೆ ಪ್ರೀತಿಯ ಕೆಲಸ. ಕ್ಯಾನ್ವಾಸನ್ನು ಲ್ಯಾಪೆಲಿನ ಬಟ್ಟೆಗೆ ಹಿಡಿಸಲು ಮಡಿಕೆಗೆ ಸಮಾನಾಂತರವಾಗಿ ಸಾಲು ಸಾಲು ಓರೆ ಹೊಲಿಗೆ: ಮಡಿಕೆಯ ಬಳಿ 1 ಸೆಂ.ಮೀ. ಉದ್ದ, ತುದಿಯತ್ತ 6 ಮಿ.ಮೀ. ಲ್ಯಾಪೆಲನ್ನು ಎಡಗೈ ಬೆರಳುಗಳ ಮೇಲೆ ಮಗುಚಿ ಹಿಡಿದೇ ಹೊಲಿಯಬೇಕು, ಆಗಷ್ಟೇ ಬಾಗು ಬಟ್ಟೆಯಲ್ಲಿ ಉಳಿಯುತ್ತದೆ. ಸೂಜಿ ಕೆಳಬಟ್ಟೆಯ ಒಂದೆರಡು ಎಳೆಯನ್ನಷ್ಟೇ ಹಿಡಿಯಲಿ. ದಾರ ಬಿಗಿದರೆ ಅಡಿಯಲ್ಲಿ ಗುಳಿ ಕಾಣುತ್ತದೆ. ಕ್ಯಾನ್ವಾಸನ್ನು ಹೊಲಿಗೆ ಗೆರೆಗಿಂತ 2 ಮಿ.ಮೀ. ಒಳಕ್ಕೆ ಕತ್ತರಿಸದಿದ್ದರೆ ಅಂಚು ದಪ್ಪವಾಗುತ್ತದೆ.

ಫೇಸಿಂಗ್ ಹೊರಸುತ್ತು ಹಾಯಬೇಕಾದ್ದರಿಂದ ಅದಕ್ಕೆ ಹೆಚ್ಚು ಬಟ್ಟೆ ಬೇಕು. ಲ್ಯಾಪೆಲಿನ ಭಾಗದಲ್ಲಿ 3-4 ಮಿ.ಮೀ. ಹೆಚ್ಚು ಬಿಟ್ಟು, ಮೂಲೆಯಲ್ಲಿ ಸಡಿಲ ತುಂಬಿ ಕಚ್ಚಾ ಹೊಲಿಗೆ ಹಾಕುತ್ತೇನೆ. ಸಾಲದಿದ್ದರೆ ಮೂಲೆ ಮೇಲಕ್ಕೆ ಸುರುಳಿಯಾಗುತ್ತದೆ, ಎಷ್ಟು ಇಸ್ತ್ರಿ ಹಾಕಿದರೂ ಸರಿಹೋಗದು. ಮಡಿಕೆ ಶುರುವಾಗುವ ಜಾಗದಿಂದ ಮೇಲೆ ಫೇಸಿಂಗ್ ಅಂಚನ್ನು ದಾಟಿ 1 ಮಿ.ಮೀ. ಅಡಿಗೆ ಹೋಗಬೇಕು, ಅಲ್ಲಿಂದ ಕೆಳಗೆ ತಿರುಗುಮುರುಗು, ಕೋಟಿನ ಬಟ್ಟೆ ಒಳಕ್ಕೆ ದಾಟಬೇಕು. ಎರಡೂ ಕಡೆ ಹೊಲಿಗೆ ಕಣ್ಣಿಗೆ ಬೀಳಬಾರದು.

ಮಡಿಕೆಯ ಮೇಲೆ ಇಸ್ತ್ರಿ ಒತ್ತುವುದಿಲ್ಲ. ಕೆಳಗಿನ ಮೂರನೇ ಒಂದು ಭಾಗವನ್ನು ಹಬೆ ಕೊಟ್ಟು ಕೈಯಿಂದ ಮಗುಚಿ ಬಿಟ್ಟರೆ ಸಾಕು. ಗೆರೆ ಬಿದ್ದ ಲ್ಯಾಪೆಲ್ ಕಾಗದ ಮಡಚಿದಂತೆ ಸತ್ತುಹೋಗುತ್ತದೆ.

ಎಡ ಲ್ಯಾಪೆಲಿನ ಕಾಜಾವನ್ನು ಬಾಯಿ ಬಿಡಿಸಿಯೇ ಹೊಲಿಯುತ್ತೇನೆ, ಬರೀ ಗುರುತಿಗಲ್ಲ. ಅದು ಹೂವಿಗೆಂದು ಹುಟ್ಟಿದ್ದಲ್ಲ. ಚಳಿಗಾಳಿಗೆ ಮಗುಚಿದ್ದನ್ನು ಮತ್ತೆ ಕತ್ತಿನವರೆಗೆ ಮುಚ್ಚಿ ಗುಂಡಿ ಹಾಕಲು ಇದ್ದ ತೂತು. ಬಲಗಡೆ ಕಾಲರಿನ ಅಡಿಗೆ ಒಂದು ಗುಂಡಿ ಇಟ್ಟರೆ ಇವತ್ತೂ ಮುಚ್ಚುತ್ತದೆ.