ತಾಲ್ಲೂಕು ಕ್ರೀಡಾಕೂಟಕ್ಕೆ ಮುನ್ನ: ಓಡುವ ಮಕ್ಕಳ ಕಾಲು ಕಾಪಾಡುವುದು ಹೇಗೆ

ಶಾಲೆ ಶುರುವಾಗಿ ಎರಡು-ಮೂರು ತಿಂಗಳಾಗುವಷ್ಟರಲ್ಲಿ ವಲಯ ಮಟ್ಟದ ಕ್ರೀಡಾಕೂಟ ಬಂದೇಬಿಡುತ್ತದೆ. ಬೇಸಿಗೆ ರಜೆಯುದ್ದಕ್ಕೂ ಓಡದಿದ್ದ ಮಕ್ಕಳನ್ನು ಕೂಟಕ್ಕೆ ಹದಿನೈದು ದಿನ ಇದೆ ಎನ್ನುವಾಗ ಬೆಳಗ್ಗೆ, ಸಂಜೆ ಎರಡೂ ಹೊತ್ತು ಮೈದಾನಕ್ಕೆ ಇಳಿಸಲಾಗುತ್ತದೆ. ಬಿದ್ದು ಆಗುವ ಏಟಿಗಿಂತ, ಹೀಗೆ ಒಮ್ಮೆಲೇ ಏರಿಸಿದ ಅಭ್ಯಾಸದಿಂದ ಆಗುವ ಪೆಟ್ಟೇ ಜಾಸ್ತಿ. ಕೂಟಕ್ಕೆ ಕನಿಷ್ಠ 8 ವಾರ ಮೊದಲೇ ತಯಾರಿ ಶುರುವಾಗಬೇಕು. ಅಷ್ಟು ಸಮಯ ಇಲ್ಲವೆಂದಾದರೆ ಅಭ್ಯಾಸ ಕಡಿಮೆ ಇರಲಿ, ಎರಡು ತಿಂಗಳದ್ದನ್ನು ಎರಡು ವಾರಕ್ಕೆ ತುರುಕಬೇಡಿ.

ಮಕ್ಕಳ ಮೂಳೆಯ ತುದಿಯಲ್ಲಿ ಇನ್ನೂ ಗಟ್ಟಿಯಾಗದ, ಬೆಳೆಯುತ್ತಿರುವ ಪದರವೊಂದಿರುತ್ತದೆ. ದೊಡ್ಡವರಿಗೆ ಸ್ನಾಯು ಹರಿಯುವಂಥ ಎಳೆತ ಬಿದ್ದಾಗ ಮಕ್ಕಳಲ್ಲಿ ಈ ಪದರವೇ ಮೊದಲು ಸೋಲುತ್ತದೆ. ಹುಡುಗಿಯರಲ್ಲಿ 11ರಿಂದ 13, ಹುಡುಗರಲ್ಲಿ 13ರಿಂದ 15ರ ಆಸುಪಾಸಿನಲ್ಲಿ ಎತ್ತರ ದಿಢೀರನೆ ಏರುತ್ತದೆ. ಮೂಳೆ ಉದ್ದವಾದಷ್ಟು ಬೇಗ ಸ್ನಾಯು ಉದ್ದವಾಗುವುದಿಲ್ಲ, ಹಾಗಾಗಿ ಆ ತಿಂಗಳುಗಳಲ್ಲಿ ಮೈಯೆಲ್ಲ ಬಿಗಿ, ಓಟವೂ ಸ್ವಲ್ಪ ಒಡ್ಡೊಡ್ಡು. ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಎತ್ತರ ಬರೆದಿಡಿ. ಮೂರು ತಿಂಗಳಲ್ಲಿ 2 ಸೆಂ.ಮೀ. ದಾಟಿದ್ದರೆ ಜಿಗಿತವನ್ನೂ ಪೂರ್ಣ ವೇಗದ ಓಟವನ್ನೂ ಅರ್ಧಕ್ಕೆ ಇಳಿಸಿ.

ನೋವು ಎಂದ ಮಗುವಿಗೆ ಕೇಳಬೇಕಾದ ಮೊದಲ ಮಾತು: "ಒಂದೇ ಬೆರಳಿಟ್ಟು ತೋರಿಸು." ಅಂಗೈ ಇಟ್ಟು ತೊಡೆಯನ್ನೆಲ್ಲ ಸವರಿ ತೋರಿಸಿದರೆ ಬಹುತೇಕ ಸ್ನಾಯುವಿನ ದಣಿವು, ಎರಡು ದಿನದಲ್ಲಿ ಹೋಗುತ್ತದೆ. ಬೆರಳು ಒಂದೇ ಬಿಂದುವಿನ ಮೇಲೆ ನಿಂತರೆ ಹುಷಾರಾಗಬೇಕು. ಮೊಣಕಾಲಿನ ಚಿಪ್ಪಿನ ಕೆಳಗೆ, ಮೂಳೆ ಗಂಟಿನಂತೆ ಉಬ್ಬಿದ ಜಾಗದಲ್ಲಿ ಬೆರಳಿಟ್ಟರೆ, ಅಥವಾ ಹಿಮ್ಮಡಿಯ ಹಿಂಬದಿಯನ್ನು ಎರಡೂ ಕಡೆಯಿಂದ ಒತ್ತಿದಾಗ ಮಗು ಮುಖ ಕಿವುಚಿದರೆ, ಅದು ಬೆಳೆಯುವ ಮೂಳೆಯ ಮೇಲಿನ ಎಳೆತ. ಜಿಗಿತ ನಿಲ್ಲಿಸಿ, ಓಟ ಕಡಿಮೆ ಮಾಡಿದರೆ ವಾರಗಳಲ್ಲಿ ತಗ್ಗುತ್ತದೆ. ಮೊಣಕಾಲಿನ ಕೆಳಗೆ ಕಾಲಿನ ಒಳಬದಿಯ ಮೂಳೆಯುದ್ದಕ್ಕೂ ಗೇಣಿನಷ್ಟು ನೋಯುವುದಕ್ಕೆ ಕೋಚ್‌ಗಳು ಶಿನ್ ಸ್ಪ್ಲಿಂಟ್ಸ್ ಎನ್ನುತ್ತಾರೆ. ಗಟ್ಟಿ ನೆಲ, ಸವೆದ ಶೂ, ಒಮ್ಮೆಲೇ ಏರಿಸಿದ ಓಟ ಇದರ ಕಾರಣಗಳು. ಅದೇ ಮೂಳೆಯಲ್ಲಿ ರೂಪಾಯಿ ನಾಣ್ಯದಷ್ಟೇ ಜಾಗದಲ್ಲಿ ನೋವಿದ್ದು, ರಾತ್ರಿ ಮಲಗಿದಾಗಲೂ ಕಾಡುತ್ತಿದ್ದರೆ ಮೂಳೆಯಲ್ಲಿ ಬಿರುಕು ಬಿಟ್ಟಿರಬಹುದು. ಓಟ ಅಂದೇ ನಿಲ್ಲಬೇಕು. ಮೊದಲ ಎರಡು-ಮೂರು ವಾರ ಎಕ್ಸ್‌ರೇಯಲ್ಲಿ ಇದು ಕಾಣದಿರುವುದೂ ಉಂಟು, ಹಾಗಾಗಿ "ಎಕ್ಸ್‌ರೇ ನಾರ್ಮಲ್" ಎಂದ ಮಾತ್ರಕ್ಕೆ ಮತ್ತೆ ಓಡಿಸಬೇಡಿ.

ತೀರಾ ತಪ್ಪಾಗಿ ಅರ್ಥವಾಗುವ ಪೆಟ್ಟು ಇನ್ನೊಂದಿದೆ. ಹದಿನೈದರ ಹುಡುಗ 100 ಮೀಟರ್ ಓಡುವಾಗ ಪೃಷ್ಠದ ಕೆಳಗೆ ಅಥವಾ ಸೊಂಟದ ಮುಂಭಾಗದಲ್ಲಿ "ಟಕ್" ಎಂದಂತಾಗಿ ಕುಸಿಯುತ್ತಾನೆ. ಎಲ್ಲರೂ "ಸ್ನಾಯು ಹಿಡಿದುಕೊಂಡಿದೆ" ಎಂದು ಎಣ್ಣೆ ಹಚ್ಚಿ ನೀವುತ್ತಾರೆ. ಈ ವಯಸ್ಸಿನಲ್ಲಿ ಅಲ್ಲಿ ಸ್ನಾಯು ಮೂಳೆಯ ಚೂರನ್ನೇ ಕಿತ್ತುಕೊಂಡು ಬಂದಿರುವ ಸಾಧ್ಯತೆ ಇರುತ್ತದೆ. ನೀವಬೇಡಿ, ಎಳೆಯಬೇಡಿ, ಎಕ್ಸ್‌ರೇ ಮಾಡಿಸಿ. ಊದಿದ ಕಾಲಿಗೆ ಬಿಗಿಯಾಗಿ ನಾಟಿ ಕಟ್ಟು ಹಾಕಿಸುವುದು ಇನ್ನೂ ಅಪಾಯ. ಒಳಗಿನ ಒತ್ತಡ ಏರಿ ರಕ್ತ ಸಂಚಾರವೇ ನಿಂತುಹೋಗಬಹುದು.

ಅಭ್ಯಾಸದ ಲೆಕ್ಕಕ್ಕೆ ಬರೋಣ. ವಾರದ ಒಟ್ಟು ತರಬೇತಿಯ ಗಂಟೆಗಳು ಮಗುವಿನ ವಯಸ್ಸನ್ನು ದಾಟಬಾರದು: 12ರ ಹುಡುಗಿಗೆ 12 ಗಂಟೆಯೇ ಗರಿಷ್ಠ, ಅದರಲ್ಲಿ ಶಾಲೆಯ ಖೋಖೋ, ಕಬಡ್ಡಿಯೂ ಸೇರಿತು. ಪೂರ್ಣ ವೇಗದ ಓಟ ವಾರಕ್ಕೆ ಎರಡೇ ದಿನ, ನಡುವೆ 48 ಗಂಟೆ ಬಿಡುವು. ಒಂದು ದಿನ ಪೂರ್ತಿ ರಜೆ. ಹದಿನಾಲ್ಕರ ಓಟಗಾರನಿಗೆ ಒಂದು ಹೊತ್ತಿನಲ್ಲಿ 30 ಮೀಟರ್‌ನ ನಾಲ್ಕು, 60 ಮೀಟರ್‌ನ ಮೂರು ಓಟ, ಅಂದರೆ 300 ಮೀಟರ್ ಧಾರಾಳವಾಯಿತು. ಪ್ರತಿ 10 ಮೀಟರ್‌ಗೆ ಒಂದು ನಿಮಿಷದಂತೆ ವಿಶ್ರಾಂತಿ ಕೊಡಿ. ದಣಿದ ಕಾಲಿನಲ್ಲಿ ಓಡಿಸಿದರೆ ವೇಗ ಬರುವುದಿಲ್ಲ, ತೊಡೆಯ ಹಿಂಭಾಗ ಹರಿಯುತ್ತದೆ. ಉದ್ದ ಜಿಗಿತದಲ್ಲಿ ಪೂರ್ತಿ ರನ್-ಅಪ್‌ನಿಂದ ಆರರಿಂದ ಎಂಟು ಜಿಗಿತ ಸಾಕು.

ವಾರ್ಮ್ ಅಪ್ ಎಂದರೆ ನಿಂತಲ್ಲೇ ಬಗ್ಗಿ ಕಾಲ್ಬೆರಳು ಮುಟ್ಟುವುದಲ್ಲ. 5 ನಿಮಿಷ ನಿಧಾನ ಓಟ, ಆಮೇಲೆ ಕಾಲು ಮುಂದೆ-ಹಿಂದೆ ಬೀಸುವುದು, ನಡೆಯುತ್ತಾ ಲಂಜ್ (ದೊಡ್ಡ ಹೆಜ್ಜೆಯಿಟ್ಟು ಮೊಣಕಾಲು ಬಗ್ಗಿಸುವುದು), ಮೊಣಕಾಲೆತ್ತಿ ಸ್ಕಿಪ್, ಕೊನೆಗೆ 60 ಮೀಟರ್‌ನ ನಾಲ್ಕು ಓಟ, ಒಂದಕ್ಕಿಂತ ಒಂದು ಚುರುಕಾಗಿ. ಒಟ್ಟು 15ರಿಂದ 20 ನಿಮಿಷ. ಹಿಡಿದು ನಿಲ್ಲುವ ಸ್ಟ್ರೆಚಿಂಗ್ ಅಭ್ಯಾಸ ಮುಗಿದ ಮೇಲೆ. ವಾರಕ್ಕೆರಡು ದಿನ ಬಲದ ಕೆಲಸವೂ ಬೇಕು: ಮೆಟ್ಟಿಲ ಅಂಚಿನಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು 12ರಂತೆ ಮೂರು ಸಲ, ಒಂಟಿ ಕಾಲಲ್ಲಿ 30 ಸೆಕೆಂಡ್ ನಿಲ್ಲುವುದು, ಗೆಳೆಯ ಹಿಮ್ಮಡಿ ಹಿಡಿದುಕೊಂಡಿರಲು ಮಂಡಿಯೂರಿ ಮುಂದಕ್ಕೆ ನಿಧಾನವಾಗಿ ಬಾಗುವ ನಾರ್ಡಿಕ್ ವ್ಯಾಯಾಮ 5ರಂತೆ ಎರಡು ಸಲ. ಒಂದು ಮೆಟ್ಟಿಲಿನಿಂದ ಎರಡೂ ಕಾಲಿಗೆ ಜಿಗಿಸಿ ಮುಂದಿನಿಂದ ನೋಡಿ. ಮೊಣಕಾಲುಗಳು ಒಳಕ್ಕೆ ವಾಲಿದರೆ ತ್ರಿವಿಧ ಜಿಗಿತಕ್ಕೆ ಆ ಮಗು ಇನ್ನೂ ಸಿದ್ಧವಾಗಿಲ್ಲ.

ಸಲಕರಣೆಯಲ್ಲೇ ತಪ್ಪಿದ್ದರೆ ಯಾವ ವ್ಯಾಯಾಮವೂ ಕಾಯುವುದಿಲ್ಲ. ಶಾಲೆಯಲ್ಲಿ ಇರುವುದೇ ಒಂದು ಗುಂಡು, ಅದೂ ದೊಡ್ಡವರ 7.26 ಕೆ.ಜಿ.ಯದು ಎಂದು ಹುಡುಗರ ಕೈಗೆ ಕೊಡಬಾರದು. 18ರೊಳಗಿನವರಿಗೆ ಅಂತರರಾಷ್ಟ್ರೀಯ ಕೂಟಗಳಲ್ಲೇ ಹುಡುಗರಿಗೆ 5, ಹುಡುಗಿಯರಿಗೆ 3 ಕೆ.ಜಿ. ಗುಂಡು, ಜಾವೆಲಿನ್ 700 ಮತ್ತು 500 ಗ್ರಾಂ. ಹರ್ಡಲ್‌ನ ಅಡಿಪಾದಗಳು ಓಡಿ ಬರುವವರ ಕಡೆಗಿರಬೇಕು, ಆಗ ಕಾಲು ತಾಗಿದರೆ ಅದು ಮುಂದಕ್ಕೆ ಮಗುಚುತ್ತದೆ. ತಿರುಗಿಸಿಟ್ಟರೆ ಹರ್ಡಲ್ ಅಲುಗುವುದಿಲ್ಲ, ಮಗು ಬೀಳುತ್ತದೆ. ಎತ್ತರ ಜಿಗಿತದಲ್ಲಿ ದಪ್ಪ ಫೋಮ್ ಮ್ಯಾಟ್ ಇಲ್ಲದಿದ್ದರೆ ಬೆನ್ನು ಕೆಳಗಾಗಿ ದಾಟುವ ಶೈಲಿ ಬೇಡವೇ ಬೇಡ. ಮರಳಿನ ಮೇಲೆ ಕತ್ತು ಮೊದಲು ಬಿದ್ದರೆ ಜೀವನಪೂರ್ತಿ ಅನುಭವಿಸಬೇಕಾದೀತು. ಮರಳಿನ ಗುಂಡಿಗೆ, ಒಂದಾದ ಮೇಲೊಂದು ಕಾಲು ದಾಟಿಸುವ ಕತ್ತರಿ ಶೈಲಿಯನ್ನೇ ಕಲಿಸಿ. ಆ ಗುಂಡಿಯನ್ನೂ ಪ್ರತಿ ಸಲ ಅಗೆದು, ಕಲ್ಲು, ಗಾಜು ಆರಿಸಬೇಕು. ಎಸೆತದಲ್ಲಿ ಎಲ್ಲರೂ ಎಸೆದಾದ ಮೇಲೆ ಒಟ್ಟಿಗೆ ಹೋಗಿ ತರಬೇಕು, ಜಾವೆಲಿನ್ ಹಿಡಿದು ಓಡುತ್ತಾ ಬರುವಂತಿಲ್ಲ.

ಊಟದ ವಿಷಯ. ಬೆಳಗ್ಗೆ ಆರಕ್ಕೆ ಬಸ್ಸು ಹತ್ತಿ, ಖಾಲಿ ಹೊಟ್ಟೆಯಲ್ಲಿ ಹನ್ನೊಂದಕ್ಕೆ 800 ಮೀಟರ್ ಓಡಿ ತಲೆ ಸುತ್ತಿ ಬೀಳುವ ಮಕ್ಕಳು ಪ್ರತಿ ಕೂಟದಲ್ಲೂ ಇರುತ್ತಾರೆ. ಸ್ಪರ್ಧೆಗೆ ಎರಡು-ಮೂರು ಗಂಟೆ ಮೊದಲು ಇಡ್ಲಿ ಅಥವಾ ಅವಲಕ್ಕಿ, ಅರ್ಧ ಗಂಟೆ ಮೊದಲು ಬಾಳೆಹಣ್ಣು ಕೊಡಿ. ಆದರೆ ಓಡುತ್ತಿರುವಾಗಲೇ ತಲೆ ಸುತ್ತಿ ಬಿದ್ದರೆ, ಅಥವಾ ಮನೆಯಲ್ಲಿ ಚಿಕ್ಕ ವಯಸ್ಸಿನವರು ಹಠಾತ್ತನೆ ತೀರಿಕೊಂಡಿದ್ದರೆ, ಹಸಿವು ಎಂದು ಸುಮ್ಮನಾಗದೆ ಇಸಿಜಿ ಮಾಡಿಸಬೇಕು. ಮಗುವಿನ ವೇಗ ತಿಂಗಳಿಂದ ತಿಂಗಳಿಗೆ ಕುಸಿಯುತ್ತಿದ್ದರೆ, ವಿಶೇಷವಾಗಿ ಹುಡುಗಿಯರಿಗೆ, ಬೈಯುವ ಮುನ್ನ ಹಿಮೋಗ್ಲೋಬಿನ್ ನೋಡಿಸಿ. 12 ವರ್ಷ ದಾಟಿದ ಹುಡುಗಿಗೆ 12 ಗ್ರಾಂಗಿಂತ ಕಡಿಮೆ ಎಂದರೆ ರಕ್ತಹೀನತೆ. ಶಾಲೆಯಲ್ಲಿ ಕೊಡುವ ವಾರದ ಕಬ್ಬಿಣಾಂಶದ ಮಾತ್ರೆಯನ್ನು ಊಟವಾದ ಮೇಲೆ ನುಂಗಿಸಿ, ಅದರ ಬೆನ್ನಿಗೇ ಚಹಾ ಬೇಡ. ಮುಟ್ಟು ಮೂರು ತಿಂಗಳು ನಿಂತುಹೋಗಿದ್ದರೆ "ಓಡುವವರಿಗೆ ಹಾಗೇ" ಎಂದು ಬಿಡಬಾರದು. ದಣಿವಿಗೆ ತಕ್ಕಷ್ಟು ಉಣ್ಣುತ್ತಿಲ್ಲ ಎಂಬುದರ ಗುರುತು ಅದಾಗಿರಬಹುದು. ಹಾಗಾದರೆ ಮೂಳೆ ಸವಕಲಾಗಿ ಬಿರುಕು ಬಿಡುತ್ತದೆ. ವೈದ್ಯರಿಗೆ ತೋರಿಸಿ.

ಕಲಬುರಗಿ, ರಾಯಚೂರು ಕಡೆ ಬೇಸಿಗೆಯಲ್ಲಿ ಬೆಳಗ್ಗೆ ಎಂಟರ ಮೇಲೆ ಅಭ್ಯಾಸ ಬೇಡ. ಬಿಸಿಲಲ್ಲಿ ಓಡಿದ ಮಗು ತೊದಲುತ್ತಾ, ಗೊತ್ತುಗುರಿಯಿಲ್ಲದೆ ಮಾತಾಡತೊಡಗಿದರೆ 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೂ ನೆರಳಲ್ಲಿ ಮೈಮೇಲೆಲ್ಲ ತಣ್ಣೀರು ಸುರಿದು ಗಾಳಿ ಬೀಸುತ್ತಲೇ ಇರಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಉಳುಕಿದ ಪಾದಕ್ಕೆ ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ ಇಟ್ಟು, ಕಾಲು ಎತ್ತರಕ್ಕಿಡಿ. ನಾಲ್ಕು ಹೆಜ್ಜೆಯೂ ನಡೆಯಲಾಗದಿದ್ದರೆ ಎಕ್ಸ್‌ರೇ. ನೋವಿನ ಮಾತ್ರೆ ಕೊಟ್ಟೋ ಸ್ಪ್ರೇ ಹೊಡೆದೋ ಫೈನಲ್‌ಗೆ ಇಳಿಸಬೇಡಿ. ಮತ್ತೆ ಓಡಿಸುವ ಮುನ್ನ ಪರೀಕ್ಷಿಸಿ: ಅರ್ಧ ಗಂಟೆ ಚುರುಕಾಗಿ ನಡೆದು ನೋವಿಲ್ಲದಿದ್ದರೆ ನಿಧಾನ ಓಟ, ಆಮೇಲೆ ಆ ಒಂದೇ ಕಾಲಲ್ಲಿ ಹತ್ತು ಸಲ ಕುಂಟಿ ಹಾರಿಸಿ ನೋಡಿ. ಹತ್ತರಲ್ಲಿ ಒಂದಕ್ಕೆ ನೋವಾದರೂ ಸ್ಪೈಕ್ಸ್ (ಮೊಳೆಯಿರುವ ಓಟದ ಶೂ) ಇನ್ನೂ ಚೀಲದಲ್ಲೇ ಇರಲಿ. ಎರಡು ದಿನ ಬಿಟ್ಟು ಅದೇ ಪರೀಕ್ಷೆ ಮತ್ತೆ ಮಾಡಿ.