ಗಾಳಿ ಬಿಡೋದು ಕಲಿಯೋಕೇ ಎರಡು ಚಳಿಗಾಲ ಹಿಡೀತು (ಫ್ಯಾಟ್ ಬೈಕ್ ಟೈರು, ನನ್ನ ಅನುಭವ)

ಹಾಸನದಲ್ಲಿ ಸ್ಕೂಲಿಗೆ ಹೋಗ್ತಿದ್ದಾಗ ಸೈಕಲ್ ಶಾಪಲ್ಲಿ ಗಾಳಿ ಹೊಡ್ಸಿದ್ಮೇಲೆ ಹೆಬ್ಬೆರಳಲ್ಲಿ ಒತ್ತಿ ನೋಡೋದು, ಕಲ್ಲಿನ ಥರ ಇದ್ರೇನೇ ಸಮಾಧಾನ, ಒಂಚೂರು ಮೆತ್ತಗಿದ್ರೂ "ಅಣ್ಣಾ ಇನ್ನೆರಡು ಪಂಪು ಹೊಡಿ" ಅನ್ನೋದು. ಅದೇ ಅಭ್ಯಾಸ ಹೊತ್ಕೊಂಡು ಅಮೆರಿಕದ ಮಿನ್ನಿಯಾಪೊಲಿಸ್‌ಗೆ ಬಂದೆ. ಇಲ್ಲಿ ಚಳಿಗಾಲ ಅಂದ್ರೆ ತಿಂಗಳುಗಟ್ಲೆ, ಮನೇಲಿ ಕೂತು ಕೂತು ತಲೆ ಕೆಟ್ಟು ಒಂದು ಸೆಕೆಂಡ್ ಹ್ಯಾಂಡ್ ಫ್ಯಾಟ್ ಬೈಕ್ ತಗೊಂಡೆ. 26 ಇಂಚಿನ ಚಕ್ರ, 80 ಮಿಲಿಮೀಟರ್ ಅಗಲದ ರಿಮ್ಮು, 4 ಇಂಚಿನ ಟೈರು, ನೋಡೋಕೆ ಸೈಕಲ್ಲಿಗೆ ಟ್ರ್ಯಾಕ್ಟರ್ ಟೈರ್ ಹಾಕ್ದಂಗೆ.

ಮನೆಗೆ ತಂದವನೇ 20 ಪಿಎಸ್‌ಐ (ಟೈರಿನ ಗಾಳಿ ಒತ್ತಡದ ಅಳತೆ) ಹೊಡ್ದು ಥಿಯೊಡೋರ್ ವರ್ತ್ ಪಾರ್ಕಿನ ಹಿಮದ ಟ್ರೇಲಿಗೆ ಹೋದೆ. ಮೊದಲ್ನೇ ಏರಲ್ಲೇ ಹಿಂದಿನ ಚಕ್ರ ಗಿರ್ರಂತ ಸುತ್ತುತ್ತೆ, ನಾನು ಮಾತ್ರ ಅಲ್ಲೇ. ಹಿಂದೆ ಬರ್ತಿದ್ದ ಒಬ್ರು ವಯಸ್ಸಾದವರು ನಿಂತು, ಟೈರ್ ಒತ್ತಿ ನೋಡಿ ನಕ್ಕು, ಬಿಡ್ಲಾ ಅಂತ ಕೇಳಿ ವಾಲ್ವ್ ಒತ್ತಿದ್ರು ನೋಡಿ, ಉಸ್ ಅಂತ ಬಿಡ್ತಾನೇ ಇದಾರೆ ಬಿಡ್ತಾನೇ ಇದಾರೆ, ನಂಗೆ ಹೊಟ್ಟೆ ಉರೀತಿತ್ತು. ಕೊನೆಗೆ ಪಂಚರ್ ಆದಂಗೆ ಕಾಣೋ ಟೈರಲ್ಲಿ ಅದೇ ಏರು ಹತ್ತಿದೆ.

ಲೆಕ್ಕ ಸಿಂಪಲ್. ನಾಟಿಗೆ ಮುಂಚೆ ಕೆಸರು ಗದ್ದೇಲಿ ಹಲಗೆ ಹೊಡೀತಾರಲ್ಲ, ಆಳು ಮೇಲೆ ನಿಂತಿದ್ರೂ ಹಲಗೆ ಹೂತ್ಕೊಳಲ್ಲ, ಇಳಿದ್ರೆ ಕಾಲು ಹೂತ್ಕೊಳುತ್ತೆ. ಗಾಳಿ ಕಮ್ಮಿಯಾದಷ್ಟೂ ಟೈರು ಚಪ್ಪಟೆಯಾಗಿ ನೆಲ ಮುಟ್ಟೋ ಜಾಗ ಜಾಸ್ತಿಯಾಗುತ್ತೆ, ಅದೇ ಹಲಗೆ ಕೆಲಸ. ಹಂಗಂತ ರೋಡಲ್ಲಿ 5 ಪಿಎಸ್‌ಐ ಇಟ್ಕೊಂಡು ಹೋದ್ರೆ ಹ್ಯಾಂಡಲ್ ತಾನಾಗೇ ಒಂದು ಕಡೆ ಎಳೆಯುತ್ತೆ, ತುಳಿದೂ ತುಳಿದೂ ತೊಡೆ ಬಿದ್ದೋಗುತ್ತೆ.

ಈಗ ನಂದು ಹೀಗಿದೆ (76 ಕೆಜಿ ತೂಕ, ಚಳಿ ಬಟ್ಟೆ ಬೇರೆ). ಬೇಸಿಗೇಲಿ ಇಲ್ಲೇ ಹತ್ರದ ಲೆಬನಾನ್ ಹಿಲ್ಸ್ ಪಾರ್ಕ್ ಥರದ ಕಲ್ಲು ಬೇರಿನ ಟ್ರೇಲಿಗೆ ಮುಂದೆ 9, ಹಿಂದೆ 11, ಇದಕ್ಕಿಂತ ಇಳಿಸಿದ್ರೆ ಕಲ್ಲಿಗೆ ರಿಮ್ ಠಣ್ ಅನ್ನುತ್ತೆ, ಜಾಸ್ತಿ ಹಾಕಿದ್ರೆ ಬಾಸ್ಕೆಟ್ ಬಾಲ್ ಥರ ಪುಟಿಯುತ್ತೆ. ಮೆಷಿನ್ ಓಡಿಸಿ ಒತ್ತಿ ಒಂದು ರಾತ್ರಿ ಬಿಟ್ಟ ಹಿಮ ಸಗಣಿ ಸಾರಿಸಿದ ಕಣದಂಗೆ ಗಟ್ಟಿ ಇರುತ್ತೆ, ಅದಕ್ಕೆ 5, 6 ಸಾಕು. ಹೊಸದಾಗಿ ಬಿದ್ದ ಸಡಿಲ ಹಿಮಕ್ಕೆ 3, 4. ಯಾವಾಗ್ಲೂ ಮುಂದಿನದು ಒಂದೆರಡು ಕಮ್ಮಿ, ತೂಕ ಹಿಂದೆ ತಾನೆ ಇರೋದು. ಹಿಮದಲ್ಲಿ ನಾನು ನೋಡೋದು ಕೂತಾಗ ಟೈರಿನ ಪಕ್ಕದಲ್ಲಿ ಸಣ್ಣ ಸುಕ್ಕು ಬರ್ಬೇಕು, ಮಡಚಿ ಹೋಗ್ಬಾರ್ದು. ಇನ್ನೊಂದು, ತಿರುಗಿ ನೋಡಿದ್ರೆ ನಮ್ಮ ಚಕ್ರದ ಗುರುತು ಒಂದಿಂಚಿಗಿಂತ ಆಳ ಇದ್ರೆ ಇನ್ನೂ ಗಾಳಿ ಬಿಡ್ಬೇಕು, ಆಗ್ಲೂ ಆಳ ಬೀಳ್ತಿದ್ರೆ ವಾಪಸ್ ಹೋಗ್ಬೇಕು. ಆ ಗುರುತು ಹೆಪ್ಪುಗಟ್ಟಿದ್ರೆ ಹಿಂದೆ ಬರೋರೆಲ್ಲ ಬೀಳ್ತಾರೆ.

ಇಷ್ಟು ಗೊತ್ತಾದ್ಮೇಲೂ ಒಂದು ವಿಷ್ಯ ತುಂಬಾ ದಿನ ಕಾಡ್ತು. ಮನೆ ಒಳಗೆ ಸರಿಯಾಗಿ 8 ಇಟ್ಕೊಂಡು ಹೋಗಿರ್ತೀನಿ, ಟ್ರೇಲಲ್ಲಿ ಬೈಕು ತೂಗಾಡುತ್ತೆ. ಲೀಕ್ ಅಂತ ಟ್ಯೂಬ್ ನೀರಲ್ಲಿ ಮುಳುಗಿಸಿ ನೋಡ್ದೆ, ಒಂದು ಗುಳ್ಳೆ ಇಲ್ಲ. ಆಮೇಲೆ ಪಿಯುಸಿ ಫಿಸಿಕ್ಸ್ ನೆನಪಾಯ್ತು. ಒಳಗೆ 20 ಡಿಗ್ರಿ, ಹೊರಗೆ ಮೈನಸ್ 15. ಗಾಳಿ ಅಳೆಯೋ ಗೇಜು 8 ಅಂದ್ರೆ ವಾತಾವರಣದ 14.7 ಸೇರಿ 22.7, ಅದನ್ನ ಕೆಲ್ವಿನ್ ಲೆಕ್ಕದಲ್ಲಿ 293ರಿಂದ 258ಕ್ಕೆ ಇಳಿಸಿದ್ರೆ ಸುಮಾರು 20, ಅಂದ್ರೆ ಗೇಜಲ್ಲಿ ಉಳಿಯೋದು 5.3! ಕಾರ್ ಟೈರಲ್ಲಿ ಎರಡು ಮೂರು ಪಿಎಸ್‌ಐ ಹೋದ್ರೆ ಗೊತ್ತೂ ಆಗಲ್ಲ, ಇಲ್ಲಿ ಮೂರನೇ ಒಂದು ಭಾಗವೇ ಮಾಯ. ಈಗ ಹೊರಗೆ 6 ಬೇಕಂದ್ರೆ ಒಳಗೆ 9ರ ಹತ್ರ ಹಾಕ್ತೀನಿ, ಟ್ರೇಲ್ ಶುರುವಲ್ಲಿ ಹತ್ತು ನಿಮಿಷ ನಿಲ್ಲಿಸಿ ಮತ್ತೆ ಅಳೀತೀನಿ. ಅಳೆಯೋಕೆ 15 ಪಿಎಸ್‌ಐವರೆಗಿನ ಸಣ್ಣ ಗೇಜೇ ಬೇಕು, 160ರವರೆಗೆ ಇರೋ ಪಂಪಿನ ಮುಳ್ಳಿಗೆ 4ಕ್ಕೂ 8ಕ್ಕೂ ವ್ಯತ್ಯಾಸಾನೇ ಗೊತ್ತಾಗಲ್ಲ. ಟೈರಿಗಿಂತ ಮುಂಚೆ ಈ ಗೇಜ್ ತಗೊಳ್ಳಿ ಅಂತೀನಿ.

ಟ್ಯೂಬ್ ಇಟ್ಕೊಂಡು 3ಕ್ಕೆ ಇಳಿಸಿದ್ದಕ್ಕೂ ಒಂದ್ಸಲ ಅನುಭವಿಸಿದೀನಿ. ರಿವರ್ ಬಾಟಮ್ಸಲ್ಲಿ, ಮಿನ್ನೆಸೋಟ ನದಿ ಪಕ್ಕ, ಟೈರು ರಿಮ್ಮಿನ ಮೇಲೆ ಜಾರ್ತಾ ಜಾರ್ತಾ ಟ್ಯೂಬನ್ನೂ ಎಳ್ಕೊಂಡು ಹೋಗಿ ವಾಲ್ವ್ ಬುಡದಲ್ಲೇ ಕಿತ್ತೋಯ್ತು, ಆ ಚಳೀಲಿ ಎರಡು ಮೈಲಿ ತಳ್ಕೊಂಡು ಬಂದೆ. ಮಾರನೇ ವಾರವೇ ಟ್ಯೂಬ್‌ಲೆಸ್ ಮಾಡ್ಸಿದೆ, ತೂಕಾನೂ ಇಳೀತು.

ಟೈರ್ ಆರಿಸೋದಕ್ಕೆ ನಾನು ಅಷ್ಟು ತಲೆ ಕೆಡಿಸ್ಕೊಳಲ್ಲ. ಈ ಊರಿನ ಪಕ್ಕದ ಬ್ಲೂಮಿಂಗ್ಟನ್‌ನ ಸೈಕಲ್ ಕಂಪನಿ ಸರ್ಲಿಯವರು 2005ರಲ್ಲಿ ಪಗ್ಸ್ಲಿ ಅನ್ನೋ ಫ್ಯಾಟ್ ಬೈಕ್ ಬಿಟ್ಟಾಗ ಅದರ ಟೈರ್ ಇದ್ದಿದ್ದೇ 3.7 ಇಂಚು. ಒತ್ತಿದ ಟ್ರೇಲಿಗೆ ಇವತ್ತಿಗೂ ಸುಮಾರು ಅಷ್ಟೇ ಸಾಕು. 4.8ರದ್ದು ಸಡಿಲ ಹಿಮದಲ್ಲಿ ರಾಜ, ಆದ್ರೆ ತಗೊಳೋ ಮುಂಚೆ ಫ್ರೇಮಲ್ಲಿ ಜಾಗ ಇದ್ಯಾ ನೋಡ್ಕೊಳಿ, ನನ್ನ ಬೈಕಲ್ಲಿ ಹಿಂದೆ ಚೈನಿಗೆ ಉಜ್ತಿತ್ತು. ಬೇಸಿಗೆಗೆ ಜಂಬೋ ಜಿಮ್ ಥರದ ಹಗುರ ಟೈರು, ಚಳಿಗಾಲಕ್ಕೆ ಡಿಲಿಂಜರ್ ಥರ ಮೊಳೆ ಇರೋದು. ಮೊಳೆದು ಒಂದಕ್ಕೇ 200 ಡಾಲರ್ ದಾಟುತ್ತೆ, ನಾನೂ ಜಿಪುಣತನ ಮಾಡಿದ್ದೆ, ಕೆರೆ ಮಂಜುಗಡ್ಡೆ ಮೇಲೆ ಸೊಂಟ ಊದಿಸ್ಕೊಂಡ್ಮೇಲೆ ತಗೊಂಡೆ. ಗಡ್ಡೆ ಕಟ್ಟಿದ ಮಂಜಲ್ಲಿ ಎಷ್ಟು ಗಾಳಿ ಬಿಟ್ರೂ ಮೊಳೆ ಇಲ್ದೆ ಆಗಲ್ಲ. ದುಡ್ಡು ಕಮ್ಮಿ ಇದ್ರೆ ಮುಂದಕ್ಕೊಂದು ಹಾಕಿ, ಹಿಂದಿನದು ಜಾರಿದ್ರೆ ಹೇಗೋ ಸಂಭಾಳಿಸ್ಬೋದು, ಮುಂದಿನದು ಜಾರಿದ್ರೆ ನೆಲಾನೇ.

ಮೈನಸ್ 15ರಲ್ಲಿ ಹಿಮ ಹುರಿದ ರವೆ ಥರ, ಕಿರ್ ಕಿರ್ ಅನ್ನುತ್ತೆ, ಓಡಿಸೋಕೆ ಮಜಾ. ಮಾರ್ಚಲ್ಲಿ ಸೊನ್ನೆ ದಾಟಿ ಅದು ಅಂಬಲಿ ಆದಾಗ ಮಾತ್ರ 8 ಇಡಿ 2 ಇಡಿ, ಏನೂ ಉಪಯೋಗ ಇಲ್ಲ, ಟ್ರೇಲೂ ಮುಚ್ಚಿರ್ತಾರೆ. ಬೈಕು ಗ್ಯಾರೇಜಲ್ಲಿರುತ್ತೆ, ನಾನು ಮೊಳೆ ಟೈರ್ ಬಿಚ್ತಾ ಕೂತಿರ್ತೀನಿ.